ಅಳಿಯನ ಮನೆಯ ಸೋಫಾ

ಕರಿಬಸಪ್ಪನವರು ಕಳೆದ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿ, ಅಲ್ಲಿಂದ ರಕ್ತಕ್ಕೆ ಸೇರಿತ್ತು. ಎಪ್ಪತ್ತೊಂದು ವರ್ಷವಾಗಿತ್ತು. ಅಳಿಯ ಅಮರೇಶ್ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದ. ಅದರ ಮೇಲಿನ ಸಂದೇಶ ನೀರಿನ ಟ್ಯಾಂಕರಿನದು, ಕೆಳಗಿನದು ಯಾರದೋ ಕಳೆದುಹೋದ ಬೆಕ್ಕಿನದು.

ಅವರ ಮನೆತನದ ಪದ್ಧತಿಯಂತೆ ದೇಹವನ್ನು ಮಲಗಿಸದೆ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಬೇಕಿತ್ತು. ಹಾಲಿನಲ್ಲಿ ಜಾಗ ಸಾಲದೆ ಸೋಫಾವನ್ನು ಕಾರಿಡಾರಿಗೆ ತಂದಿಟ್ಟರು. ನೋಡಲು ಬಂದವರು ಒಬ್ಬರಾದ ಮೇಲೊಬ್ಬರು ಅದರ ಮೇಲೆ ಕೂತು ಎದ್ದರು. ಯಾರು ಕೂತರೂ ಅದು ಚರಚರ ಸದ್ದು ಮಾಡುತ್ತಿತ್ತು. ಸಾವಿನ ಮನೆಯಲ್ಲಿ ಸದ್ದಾಯಿತಲ್ಲ ಎಂದು ಅವರು ಅಲುಗಾಡದೆ ಕೂರಲು ಪ್ರಯತ್ನಿಸುತ್ತಿದ್ದರು. ಆ ಸದ್ದು ಎಲ್ಲಿಂದ ಬಂತು ಎಂಬುದನ್ನು ಬರೆದರೆ ನನ್ನ ಗೆಳೆಯನ ಕೊನೆಯ ಎರಡು ವರ್ಷವನ್ನು ಬರೆದ ಹಾಗೆ.

ಕರಿಬಸಪ್ಪನವರು ಕೊಟ್ಟೂರಿನ ಕಡೆಯವರು. ಪೀಣ್ಯದ ಒಂದು ಪಂಪು ಕಾರ್ಖಾನೆಯಲ್ಲಿ ನಿವೃತ್ತಿಯಾಗುವ ತನಕ ತಪಾಸಣೆ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ್ದನ್ನು ಅಳೆದು ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು ಕೆಲಸ. ಮಗಳು ಮೇಘಾ ಬಾಣಂತನ ಮುಗಿಸಿ ಕೆಲಸಕ್ಕೆ ಮರಳುವಾಗ, ಮಗುವನ್ನು ನೋಡಿಕೊಳ್ಳಲು ಒಂದು ವರ್ಷದ ಮಟ್ಟಿಗೆಂದು ಗಂಡ ಹೆಂಡತಿ ದಾಸರಹಳ್ಳಿಯ ಬಾಡಿಗೆ ಮನೆ ಬಿಟ್ಟು ಸರ್ಜಾಪುರ ರಸ್ತೆಯ ಈ ಫ್ಲ್ಯಾಟಿಗೆ ಬಂದರು. ಆ ವರ್ಷ ಮುಗಿಯಲೇ ಇಲ್ಲ.

ಅಳಿಯನ ಮನೆಯಲ್ಲಿ ಉಣ್ಣುವುದು ಅವರಿಗೆ ರೂಢಿಯಾಗಲಿಲ್ಲ. ಫ್ರಿಜ್ಜಿನ ಬಾಗಿಲನ್ನು ತಾವಾಗಿ ತೆಗೆದವರಲ್ಲ. ಏನಾದರೂ ಬೇಕೆಂದರೆ ಹೆಂಡತಿ ಶೇಖವ್ವನ ಕಡೆ ನೋಡುತ್ತಿದ್ದರು. ಅಮರೇಶ್ ಒಳ್ಳೆಯ ಹುಡುಗ. ‘ಮಾವ, ಆರಾಮಾಗಿ ಕೂತ್ಕೊಳ್ಳಿ’ ಎಂದು ಅವನು ಹೇಳಿದಷ್ಟೂ ಇವರು ಸೋಫಾದ ಅಂಚಿಗೆ ಸರಿಯುತ್ತಿದ್ದರು. ಆ ಸೋಫಾ ಅವನು ಮದುವೆಗೆ ಮೊದಲೇ ಇಷ್ಟಪಟ್ಟು ತಂದದ್ದು.

ನಾನು ಅದೇ ಕಟ್ಟಡದ ಎರಡನೇ ಮಹಡಿಯವನು. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ ಎಂದು ತಿಳಿದ ದಿನದಿಂದ ನನ್ನನ್ನು ಮೇಷ್ಟ್ರೇ ಎಂದೇ ಕರೆದರು. ಪುಸ್ತಕ ಒಯ್ಯುತ್ತಿದ್ದರು. ಹಿಂದಿರುಗಿಸಿದಾಗ ಅಚ್ಚಿನ ತಪ್ಪುಗಳಿಗೆಲ್ಲ ಪೆನ್ಸಿಲಿನ ಗುರುತು ಬಿದ್ದಿರುತ್ತಿತ್ತು. ಕಥೆ ಹೇಗಿತ್ತು ಎಂದು ಕೇಳಿದರೆ ‘ತಪ್ಪು ಭಾಳ ಅದಾವ್ರಿ’ ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾಯಿತು. ಮೂತ್ರದ ಹಿಡಿತ ಮರಳಲು ಕೆಲವು ತಿಂಗಳು ಬೇಕಾಗಬಹುದು, ಮರಳದಿದ್ದರೆ ಹೇಳಿ, ಅದಕ್ಕೂ ಉಪಾಯವಿದೆ ಎಂದಿದ್ದರಂತೆ ಡಾಕ್ಟರು. ಮರಳಲಿಲ್ಲ. ಇವರು ಹೇಳಲೂ ಇಲ್ಲ. ಯಾಕೆಂದರೆ ತಪಾಸಣೆಗೆ ಹೋದಾಗಲೆಲ್ಲ ಪಕ್ಕದ ಕುರ್ಚಿಯಲ್ಲಿ ಅಳಿಯ ಕೂತಿರುತ್ತಿದ್ದ.

ಮೊದಲ ಸಲ ಆದದ್ದು ಒಂದು ಮಧ್ಯಾಹ್ನ. ಟಿವಿ ನೋಡುತ್ತ ಸೋಫಾದ ಮೇಲೆ ಕಣ್ಣು ಹತ್ತಿತ್ತು. ಎಚ್ಚರವಾದಾಗ ಕೆಳಗೆ ಬೆಚ್ಚಗಿತ್ತು. ಶೇಖವ್ವ ಮೊಮ್ಮಗಳನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಳ್ಳಲು ಗೇಟಿಗೆ ಹೋಗಿದ್ದರು. ಒರೆಸಿದರು, ಟೇಬಲ್ ಫ್ಯಾನ್ ತಂದು ಹಚ್ಚಿದರು, ಊದುಬತ್ತಿ ಹೊತ್ತಿಸಿದರು. ಕಂದು ಬಟ್ಟೆ, ಕಲೆ ಕಾಣಲಿಲ್ಲ. ಆಮೇಲೆ ಮತ್ತೆ ಆಯಿತು, ಮತ್ತೂ ಆಯಿತು. ಪ್ಯಾಡ್ ಸಿಗುತ್ತದೆಂದು ಗೊತ್ತಿತ್ತು. ಆದರೆ ನಮ್ಮ ಕಟ್ಟಡದಲ್ಲಿ ಅಂಥದ್ದನ್ನೆಲ್ಲ ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಮನೆಬಾಗಿಲಿನಲ್ಲಿ ಬೇರೆ ಡಬ್ಬಿಯಲ್ಲಿ ಇಡಬೇಕು. ಅದು ಯಾರದೆಂದು ಮಗಳು ಕೇಳಿದರೆ? ಹಾಗಾಗಿ ಪ್ಯಾಡು ತರಲಿಲ್ಲ. ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಕೂರಲು ಪ್ಲಾಸ್ಟಿಕ್ ಸ್ಟೂಲು ಹಿಡಿದರು. ಮಾವನಿಗೆ ತನ್ನ ಮೇಲೆ ಏನೋ ಸಿಟ್ಟಿದೆ ಎಂದು ಅಮರೇಶ್ ನನ್ನ ಹತ್ತಿರ ಹೇಳಿಕೊಂಡದ್ದೂ ಉಂಟು. ಆಗ ನನಗೂ ಕಾರಣ ಗೊತ್ತಿರಲಿಲ್ಲ.

ಹೀಗಿರುವಾಗ ಅವರ ಊರಿನ ಕಡೆಯ ಮಠದ ಸ್ವಾಮಿಗಳು ಬೆಂಗಳೂರಿಗೆ ಬರುವ ಸುದ್ದಿ ಬಂತು. ಶೇಖವ್ವ ಫೋನು ಮಾಡಿಸಿ, ಪಾದಪೂಜೆಗೆ ತಮ್ಮ ಮನೆಗೂ ಬರುವಂತೆ ಒಪ್ಪಿಸಿದರು. ಗುರುಗಳು ಎತ್ತರದಲ್ಲಿ ಕೂರಬೇಕು, ಮನೆಯವರು ಕೆಳಗೆ ಕೂತು ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆ ನೀರನ್ನು ತೀರ್ಥವೆಂದು ತೆಗೆದುಕೊಳ್ಳಬೇಕು. ಸೋಫಾದ ಮೇಲೆ ಮಡಿ ಬಟ್ಟೆ ಹಾಸಿ ಕೂರಿಸುವುದು ಎಂದು ಶೇಖವ್ವ ತೀರ್ಮಾನಿಸಿದರು. ಕುರ್ಚಿ ಸಾಕು ಎಂದು ಇವರು ಮೆಲ್ಲಗೆ ಹೇಳಿ ನೋಡಿದರಂತೆ.

“ಗುರುಗಳನ್ನ ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕುಂದ್ರುಸ್ತೀರೇನು? ಬುದ್ಧಿ ಐತೋ ಇಲ್ಲೋ ನಿಮಗ?”

ಸ್ನಾನ ಮಾಡದೆ ಕೊರಳಿನ ಲಿಂಗವನ್ನು ಮುಟ್ಟದ ಮನುಷ್ಯ. ತಾನು ಹೊಲಸು ಮಾಡಿದ ಜಾಗದಲ್ಲಿ ಗುರು ಕೂರುವುದು, ಅವರ ಪಾದದ ನೀರನ್ನು ಮನೆಯವರೆಲ್ಲ ಕುಡಿಯುವುದು. ಕಾರಣ ಹೇಳದೆ ಅದನ್ನು ತಪ್ಪಿಸುವ ದಾರಿ ಅವರಿಗೆ ಒಂದೇ ಕಂಡಿತು. ಸೋಫಾದ ಬಟ್ಟೆ ಹಳತಾಗಿದೆ, ತಾನೇ ಹೊಸದು ಹಾಕುತ್ತೇನೆ ಎಂದರು. ಅಮರೇಶ್ ನಕ್ಕು, ಆ್ಯಪ್‌ನಲ್ಲಿ ಬುಕ್ ಮಾಡಿದರೆ ಅವರೇ ಬಂದು ಒಂದು ಗಂಟೆಯಲ್ಲಿ ತೊಳೆದು ಹೋಗುತ್ತಾರೆ ಮಾವ ಎಂದ. ಇವರು ಬೇಡವೇ ಬೇಡ ಎಂದು ದನಿ ಏರಿಸಿದರು. ಆ ತೊಳೆಯುವವರು ಎದುರು ಮನೆಗೆ ಬಂದಿದ್ದಾಗ, ಯಂತ್ರ ಹೀರಿದ ಕೊಳೆನೀರನ್ನು ಗಾಜಿನಂಥ ಡಬ್ಬಿಯಲ್ಲಿ ಎತ್ತಿ ಮನೆಯವರಿಗೆಲ್ಲ ತೋರಿಸಿದ್ದನ್ನು ಇವರು ನೋಡಿದ್ದರು. ಅಂಗಡಿಗೆ ಕೊಡೋಣ ಎಂಬ ಮಾತಿಗೂ ಒಪ್ಪಲಿಲ್ಲ. ಅಲ್ಲಿಯೂ ಯಾರೋ ಬಿಚ್ಚಿ ನೋಡುತ್ತಾರೆ.

ನನಗೆ ಕಾರಿಲ್ಲ. ತಳಮಹಡಿಯಲ್ಲಿ ನನ್ನ ಹೆಸರಿನ ಪಾರ್ಕಿಂಗ್ ಜಾಗ ಖಾಲಿ ಬಿದ್ದಿತ್ತು. ಅದನ್ನು ಕೇಳಲು ಬಂದರು. ಫೋನಿನಲ್ಲಿ ಹಿಂದಿ ಹೆಂಗಸೊಬ್ಬಳ ವಿಡಿಯೋ ತೋರಿಸಿದರು. ಆಕೆ ಮಾತಾಡುತ್ತ ಮಾತಾಡುತ್ತ ಒಂದು ಸೋಫಾವನ್ನು ಬೋಳಿಸಿ ಮತ್ತೆ ತುಂಬಿಸಿಬಿಡುತ್ತಾಳೆ. ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ. ಆದರೂ ಸುಲಭವೇ ಎನಿಸಿತು.

ಸುಲಭವಿರಲಿಲ್ಲ. ಸೋಫಾವನ್ನು ತಲೆಕೆಳಗು ಮಾಡಿದರೆ ಹೊಟ್ಟೆಯ ಕಡೆ ತೆಳ್ಳನೆಯ ಕಪ್ಪು ಬಟ್ಟೆ. ಅದರ ಸುತ್ತ ಲೆಕ್ಕವಿಲ್ಲದಷ್ಟು ಸ್ಟೇಪಲ್ ಪಿನ್ನು. ಒಂದೊಂದನ್ನೂ ಸ್ಕ್ರೂಡ್ರೈವರಿನಿಂದ ಮೀಟಿ, ಇಕ್ಕಳದಿಂದ ಕೀಳಬೇಕು. ಅರ್ಧ ಮುರಿದು ಒಳಗೇ ಉಳಿಯುತ್ತಿದ್ದವು. ಕೊನೆಗೆ ಹಾಕಿದ್ದನ್ನು ಮೊದಲು ಬಿಚ್ಚಬೇಕು: ಕೆಳಗಿನದು, ಬೆನ್ನು, ಕೈಗಳು, ಕಡೆಗೆ ಕೂರುವ ಜಾಗ. ಬಿಚ್ಚಿದ ತುಂಡನ್ನು ಎಸೆಯುವಂತಿಲ್ಲ, ಹೊಸ ಬಟ್ಟೆಗೆ ಅದೇ ಅಳತೆ. ಇವರು ಪ್ರತಿ ತುಂಡಿಗೂ ಕಾರ್ಖಾನೆಯ ಅಭ್ಯಾಸದಂತೆ ದಾರ ಕಟ್ಟಿದ ಚೀಟಿ ಹಚ್ಚಿದರು. ಕಾವಲಿನ ರಾಮಾಂಜಿನಪ್ಪ ಸುತ್ತು ಬಂದಾಗಲೆಲ್ಲ ನಿಂತು ನೋಡುತ್ತಿದ್ದ. ಸರ್ಜಾಪುರದ ಹಳೆಯ ಮನೆತನದವನು, ಬಾಯಿ ಜೋರು.

“ಏನ್ ಸಾರ್, ಇಂಗೆ ಅಂಗಡಿನೇ ಇಕ್ಬಿಟ್ರಾ? ನಮ್ಮನೇಲೂ ಒಂದು ದಿವಾನ ಐತೆ, ಒತ್ಕೊಂಡ್ ಬರ್ಲಾ?”

“ಮೊದ್ಲು ಇದು ರಿಜೆಕ್ಟ್ ಆಗದಂಗ ನೋಡ್ಕೊಂತೀನಿ. ಆಮ್ಯಾಲೆ ತಗಂಬಾ.”

ಕೂರುವ ಜಾಗದ ಬಟ್ಟೆ ಮಾತ್ರ ಉಳಿದಾಗ ನನ್ನನ್ನು ಟೀ ತರಲು ಕಳಿಸಿದರು. ನಾನು ಮರಳಿದರೆ ಅವರು ಇನ್ನೂ ಒಂದೇ ಪಿನ್ನಿನ ಜೊತೆ ಗುದ್ದಾಡುತ್ತಿದ್ದರು. ಇಕ್ಕಳ ಕಿತ್ತುಕೊಂಡು ನಾನೇ ಎಳೆದೆ. ಬಟ್ಟೆ ಫೋಮಿನಿಂದ ಕಿತ್ತು ಬಂತು. ಹಳದಿ ಕಲೆ, ಅದರ ಮೇಲೊಂದು, ಅದರ ಅಂಚಿಗೆ ಇನ್ನೊಂದು, ಮಳೆಗೆ ನೆಂದ ಗೋಡೆಯ ಹಾಗೆ. ವಾಸನೆ ಬಂತು. ಅವರ ಮುಖ ನೋಡಲಾಗದೆ, ಬಾಯಿಗೆ ಬಂದದ್ದನ್ನು ಹೇಳಿದೆ. ಮಗು ಇರೋ ಮನೆ ಅಲ್ವೇ, ಇವೆಲ್ಲ ಇದ್ದದ್ದೇ ಎಂದೆ.

“ಮಗು ಅಲ್ರಿ ಮೇಷ್ಟ್ರೇ,” ಎಂದರು. “ನಾನು.”

ಟೀ ಆರಿತು. ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು, ಕಣ್ಣನ್ನು ಆ ಫೋಮಿನ ಮೇಲೇ ಇಟ್ಟು, ಬೇರೆ ಯಾರದೋ ಕೆಲಸದ ದೋಷ ಪಟ್ಟಿ ಮಾಡುವವರ ಹಾಗೆ. ಯಾರಿಗೂ ಹೇಳಬಾರದು ಎಂದರು. ಡಾಕ್ಟರ ಹತ್ತಿರ ನಾನು ಜೊತೆಗೆ ಬರುತ್ತೇನೆ ಎಂದೆ. ಪೂಜೆ ಮುಗಿಯಲಿ ಎಂದರು. ಅಂದೇ ಫೋಮನ್ನು ಗೋಣಿಯಲ್ಲಿ ಕಟ್ಟಿ, ಆಟೋದಲ್ಲಿ ಒಯ್ದು ಕಸದ ಗುಡ್ಡೆಗೆ ಎಸೆದು ಬಂದೆವು.

ಹೊಸ ಫೋಮಿಗೆ ಬೊಮ್ಮಸಂದ್ರಕ್ಕೆ ಹೋದೆವು. ಬರುವಾಗ ಶಿಫ್ಟು ಬಿಟ್ಟ ಹೊತ್ತು, ಬಸ್ಸು ತುಂಬಿತ್ತು. ಸುತ್ತಿದ ಫೋಮು ನಮ್ಮಿಬ್ಬರ ನಡುವೆ ಮೂರನೆಯವನಂತೆ ನಿಂತಿತ್ತು. ಔಷಧಿ ಕಾರ್ಖಾನೆಯ ಹುಡುಗಿಯೊಬ್ಬಳು ಅದಕ್ಕೆ ತಲೆಯಾನಿಸಿ ನಿಂತಲ್ಲೇ ನಿದ್ದೆ ಹೋದಳು. ಅವಳು ಏಳಬಾರದೆಂದು ಕರಿಬಸಪ್ಪನವರು ನಮ್ಮ ಸ್ಟಾಪು ದಾಟುವವರೆಗೂ ಅದನ್ನು ಹಿಡಿದೇ ನಿಂತರು. ಒಂದು ಸ್ಟಾಪಿನ ದೂರ ಅದನ್ನು ಹೊತ್ತು ನಡೆದೆವು.

ತಪ್ಪು ಮಾಡಿದ್ದು ಕತ್ತರಿಸುವಾಗ. ಅಳತೆಗಿಂತ ಕೂದಲೆಳೆ ಹೆಚ್ಚಿದ್ದರೂ ಕೆಂಪು ಚೀಟಿ ಕಟ್ಟಿದ ಕೈ ಅದು. ಹಲಗೆ ಎಷ್ಟಿತ್ತೋ ಫೋಮನ್ನು ಅಷ್ಟಕ್ಕೇ ಕತ್ತರಿಸಿದರು. ಅದು ಅರ್ಧ ಇಂಚು ದೊಡ್ಡದಿರಬೇಕಂತೆ. ಬಟ್ಟೆ ಅದನ್ನು ಅದುಮಿ ಹಿಡಿದಾಗಲೇ ಸೋಫಾ ತುಂಬಿಕೊಂಡು ಕಾಣುತ್ತದೆ. ಬಟ್ಟೆ ಬಿಗಿಯುವಾಗಲೂ ಒಂದು ಮೂಲೆಯಿಂದ ಶುರುಮಾಡಿ ಸಾಲಾಗಿ ಪಿನ್ನು ಹೊಡೆಯುತ್ತ ಹೋದರು. ಇನ್ನೊಂದು ತುದಿಗೆ ಬರುವಷ್ಟರಲ್ಲಿ ಬಟ್ಟೆ ಓರೆಯಾಗಿ, ಕಡೆಯ ಮೂಲೆಗೆ ಸಾಲಲೇ ಇಲ್ಲ. ಹಿಂದಿಯವಳನ್ನು ಮತ್ತೆ ನೋಡಿದೆವು. ಮೊದಲು ಮುಂದಿನ ಅಂಚಿನ ನಡುವೆ ಒಂದು ಪಿನ್ನು, ಅದಕ್ಕೆದುರಾಗಿ ಹಿಂದೆ ಒಂದು, ಆಮೇಲೆ ಎಡ, ಬಲ, ಮೂಲೆಗಳು ಕೊನೆಗೆ. ಎಲ್ಲ ಕಿತ್ತು ಮತ್ತೆ ಹೊಡೆದರು. ಹೆಬ್ಬೆರಳು ಒಡೆದು ಪಟ್ಟಿ ಸುತ್ತಿಕೊಂಡರು. ಮುಂದಂಚಿನಲ್ಲಿ ಒಂದು ಸುಕ್ಕು ಕೊನೆಗೂ ಹೋಗಲಿಲ್ಲ.

ಬಟ್ಟೆ ಹಾಕುವ ಮೊದಲು ಅವರು ಇನ್ನೊಂದು ಕೆಲಸ ಮಾಡಿದರು. ಫೋಮಿನ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಸುತ್ತಿದರು. ವಿಡಿಯೋದಲ್ಲಿ ಅದು ಇರಲಿಲ್ಲ.

ಹೊಸ ಹಸಿರು ಬಟ್ಟೆಯ ಸೋಫಾ ಲಿಫ್ಟಿನಲ್ಲಿ ಮೇಲೆ ಹೋದ ದಿನ ಅವರ ಮುಖದಲ್ಲಿ ನಗು ಕಂಡೆ. ಅಮರೇಶ್ ಫೋಟೋ ತೆಗೆದು ಆಫೀಸಿನವರಿಗೆಲ್ಲ ಕಳಿಸಿದ. ಕೂತಾಗ ಸದ್ದಾಗುತ್ತದೆ ಎಂದು ಮೇಘಾ ಹೇಳಿದಾಗ, ಹೊಸದಲ್ಲವಾ, ಕೂತೂ ಕೂತೂ ಸರಿಹೋಗುತ್ತದೆ ಎಂದರು.

ಪೂಜೆಗೆ ಮನೆ ತುಂಬ ನೆಂಟರು. ನನ್ನನ್ನೂ ಕರೆದಿದ್ದರು. ಸ್ವಾಮಿಗಳು ವಯಸ್ಸಾದವರು, ಭಾರಿ ಆಳು, ನಗೆಮುಖ. ಬಿಳಿ ಮಡಿ ಬಟ್ಟೆಯ ಮೇಲೆ ಕೂತರು. ಚರಚರ ಎಂದಿತು. ಪಾದವನ್ನು ತಟ್ಟೆಗೆ ಇಡಲು ಸರಿದರು. ಮತ್ತೂ ಜೋರಾಗಿ ಎಂದಿತು. ಮಕ್ಕಳು ಕಿಸಕ್ಕೆಂದವು.

“ಏನ್ ಕರಿಬಸಪ್ಪ, ಒಳಗ ಹಪ್ಪಳ ಇಟ್ಟೀಯೇನು?” ಎಂದರು ಸ್ವಾಮಿಗಳು.

ಎಲ್ಲರೂ ನಕ್ಕರು. ಇದು ಮಾವನವರೇ ಕೈಯಾರೆ ಮಾಡಿದ್ದು ಎಂದು ಅಮರೇಶ್ ಹೆಮ್ಮೆಯಿಂದ ಹೇಳಿದ. ಕರಿಬಸಪ್ಪನವರು ನೀರಿನ ಚೊಂಬು ಹಿಡಿದು ಕೆಳಗೆ ಕೂತಿದ್ದರು. ಒಳಗೆ ಪ್ಲಾಸ್ಟಿಕ್ ಹಾಕಿದ್ದೇನೆ ಎಂದು ಒಪ್ಪಿಕೊಂಡರು. ಅದ್ಯಾಕಪ್ಪ ಎಂದು ಸ್ವಾಮಿಗಳು ಸಹಜವಾಗಿ ಕೇಳಿದರು. ಇಡೀ ಹಾಲು ಉತ್ತರಕ್ಕೆ ಕಾಯಿತು. ಕರಿಬಸಪ್ಪನವರ ಕಣ್ಣು ಅತ್ತ ಇತ್ತ ಹುಡುಕಿ, ಬಾಗಿಲ ಹತ್ತಿರ ರೇಷ್ಮೆ ಲಂಗ ಹಾಕಿಕೊಂಡು ಕೂತಿದ್ದ ಐದು ವರ್ಷದ ಮೊಮ್ಮಗಳು ಗೌರಿಯ ಮೇಲೆ ನಿಂತಿತು.

“ಮಗು ಐತಲ್ರಿ ಮನ್ಯಾಗ. ಉಚ್ಚಿ ಹೊಯ್ಕೊಂತತಿ.”

ನಾನು ಪಾರ್ಕಿಂಗಿನಲ್ಲಿ ಹೇಳಿದ್ದ ಮಾತೇ ಅದು.

ನಗು ಇನ್ನೂ ಜೋರಾಯಿತು. ಗೌರಿ ಎದ್ದು ನಿಂತು, ನಾನಲ್ಲ, ನಾನು ಮಾಡೇ ಇಲ್ಲ ಎಂದಳು. ಅವಳು ಹೇಳಿದಷ್ಟೂ ಜನ ನಕ್ಕರು. ಸ್ವಾಮಿಗಳು ಅವಳನ್ನು ಹತ್ತಿರ ಕರೆದು ಬಾಳೆಹಣ್ಣು ಕೊಟ್ಟು, “ಅಳಬ್ಯಾಡವ್ವ, ಮಕ್ಕಳು ಮಾಡದ ಮತ್ಯಾರು ಮಾಡ್ಬೇಕು?” ಎಂದರು. ಕರಿಬಸಪ್ಪನವರು ಪಾದದ ಮೇಲೆ ನೀರು ಹಾಕುತ್ತಿದ್ದರು. ಅರ್ಧ ನೀರು ತಟ್ಟೆಯ ಹೊರಗೆ ಬಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಕೊಟ್ಟೂರಿನಿಂದ ಬಂದಿದ್ದ ನೆಂಟರ ಮಕ್ಕಳು ಅವಳಿಗೆ ಹಪ್ಪಳ ಎಂದು ಹೆಸರಿಟ್ಟು ಹೋದರು. ಸೋಫಾ ಹತ್ತುವ ಮೊದಲು ಬಚ್ಚಲಿಗೆ ಹೋಗಿ ಬಾ ಎಂದು ಶೇಖವ್ವ ಅಟ್ಟತೊಡಗಿದರು. ಇವಳು ಯಾವಾಗ ಹಾಗೆ ಮಾಡಿದಳು ಎಂದು ಮೇಘಾ ಕೇಳಿದಾಗ, ನೀನು ಆಫೀಸಿಗೆ ಹೋದಾಗ ಎಂದು ಇವರು ಮತ್ತೊಂದು ಸುಳ್ಳು ಹೇಳಿದರು. ಕೆಲವು ವಾರಗಳಲ್ಲಿ ಗೌರಿಯ ನೀರಿನ ಬಾಟಲಿ ಸ್ಕೂಲಿನಿಂದ ತುಂಬಿದ್ದು ತುಂಬಿದಂತೆಯೇ ವಾಪಸು ಬರತೊಡಗಿತು. ಉಚ್ಚೆ ಹೊಯ್ಯುವಾಗ ಉರಿಯುತ್ತದೆ ಎಂದು ಅತ್ತಳು. ವೈಟ್‌ಫೀಲ್ಡಿನ ಮಕ್ಕಳ ಡಾಕ್ಟರು ನೀರು ಯಾಕೆ ಕುಡಿಯುವುದಿಲ್ಲ ಎಂದು ಕೇಳಿದ್ದಕ್ಕೆ, ಕುಡಿದರೆ ಸೋಫಾ ಸದ್ದು ಮಾಡುತ್ತೆ ಎಂದಳಂತೆ. ಮೇಘಾ ಇದನ್ನು ಮನೆಯಲ್ಲಿ ಹೇಳಿದಾಗ ಕರಿಬಸಪ್ಪನವರು ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡರು.

ಮರುದಿನ ನಡಿಗೆಗೆ ಹೋದಾಗ ಪಾರ್ಕಿನ ಬೆಂಚಿನ ಮೇಲೆ ನನಗೆ ಹೇಳಿದರು. ಡಾಕ್ಟರ ಹತ್ತಿರ ಹೋಗುವುದನ್ನು ಪೂಜೆ ಮುಗಿದ ಮೇಲೂ ಮುಂದಕ್ಕೆ ಹಾಕುತ್ತಲೇ ಬಂದಿದ್ದರು. ತಾತನೂ ಮೊಮ್ಮಗಳೂ ಒಂದೇ ಕಾರಣಕ್ಕೆ ಬಾಯಿ ಒಣಗಿಸಿಕೊಂಡಿದ್ದರು. ಮನೆಯಲ್ಲಿ ನಿಜ ಹೇಳಿಬಿಡಿ, ಇಲ್ಲವಾದರೆ ನಾನು ಹೇಳುತ್ತೇನೆ ಎಂದೆ.

“ಹೆಂಗ್ ಹೇಳ್ಲಿ? ಅಳಿಯನ ಮುಂದ ನಿಂತು ಯಾವ ಬಾಯಿಲೆ ಹೇಳ್ಲಿ?”

ಅದೇ ಬಾಯಿಂದ ಮಗುವಿನ ಹೆಸರು ಹೇಳಿದ್ದೀರಲ್ಲ ಎಂದೆ. ಎದ್ದು ಹೋದರು. ಆಮೇಲೆ ನಡಿಗೆಗೆ ಬರಲಿಲ್ಲ. ನಾನು ಹೋದರೆ ಮಲಗಿದ್ದಾರೆ ಎನ್ನುತ್ತಿದ್ದರು ಶೇಖವ್ವ. ನಿಜಕ್ಕೂ ಮಲಗಿರುತ್ತಿದ್ದರು. ಜ್ವರ ಬರುತ್ತಿತ್ತು, ಮುಚ್ಚಿಡುತ್ತಿದ್ದರು. ಚಳಿ ಹತ್ತಿ ಹಲ್ಲು ಕಟಕಟ ಎನ್ನುವಾಗ ಅಮರೇಶ್ ಎತ್ತಿ ಕಾರಿಗೆ ಹಾಕಿಕೊಂಡ. ಆಸ್ಪತ್ರೆಯಲ್ಲಿ ನಳಿಕೆ ಹಾಕಿದರು, ಪಕ್ಕದಲ್ಲಿ ಚೀಲ ತೂಗುಬಿಟ್ಟರು. ಜ್ವರ ಇಳಿದಂತೆ ಕಂಡಿತು. ಮನೆಗೆ ಕರೆದುಕೊಂಡು ಹೋಗಿ ಎಂದು ಹಟ ಹಿಡಿದರು. ಭಾನುವಾರ ಕರೆತಂದರು.

ಸೋಮವಾರ ಸಂಜೆ ನನಗೆ ಹೇಳಿಕಳಿಸಿದರು. ನಾನು ಹೋದಾಗ ಅಮರೇಶನ ಭುಜ ಹಿಡಿದು ಕೋಣೆಯಿಂದ ಹೊರಗೆ ಬರುತ್ತಿದ್ದರು. ಚೀಲವನ್ನು ಅವನೇ ಹಿಡಿದಿದ್ದ. ಸೋಫಾದ ಮೇಲೆ ಕೂರಿಸು ಎಂದರು. ಕೂತರು. ಅದು ಸದ್ದು ಮಾಡಿತು. ನೆಲದ ಮೇಲೆ ಬಣ್ಣ ತುಂಬುತ್ತಿದ್ದ ಗೌರಿ ಸರಕ್ಕನೆ ತಲೆಯೆತ್ತಿದಳು. ಶೇಖವ್ವನನ್ನು ಅಡುಗೆಮನೆಯಿಂದ ಕರೆಸಿದರು. ಮೇಘಾಳಿಗೆ ಲ್ಯಾಪ್‌ಟಾಪ್ ಮುಚ್ಚಿ ಬಾ ಎಂದರು. ಮಗುವನ್ನು ಮುಂದೆ ನಿಲ್ಲಿಸಿಕೊಂಡರು.

“ಈ ಸೋಫಾ ಹೊಲಸು ಮಾಡಿದ್ದು ನೀನಲ್ಲವ್ವ. ನಾನು. ಗುರುಗಳ ಮುಂದ ಸುಳ್ಳು ಹೇಳಿದೆ.”

ಶೇಖವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಮರೇಶ್, ಈಗ್ಯಾಕೆ ಮಾವ ಅದೆಲ್ಲ, ಮಲಗಿ ಎಂದ. “ನಿನಗಲ್ಲಪ ಹೇಳಾಕತ್ತಿದ್ದು,” ಎಂದರು. ಅವನ ಮುಖವನ್ನು ಮಾತ್ರ ನೋಡಲಿಲ್ಲ.

ಗೌರಿಗೆ ಆಶ್ಚರ್ಯವೇನೂ ಆಗಲಿಲ್ಲ. “ನಾನು ಅವತ್ತೇ ಹೇಳಿದ್ನಲ್ಲ,” ಎಂದಳು.

“ಹೌದವ್ವ. ಹೇಳಿದ್ದಿ.”

“ಸ್ವಾಮಿಗಳಿಗೆ ಗೊತ್ತಾ?”

ಇಲ್ಲ ಎಂದು ತಲೆಯಾಡಿಸಿದರು.

“ಅವ್ರಿಗೂ ಹೇಳು.”

ಮೇಘಾ ಮಗುವನ್ನು ಸುಮ್ಮನಿರಿಸಲು ಹೋದಳು. ಅವರು ಕೈ ಅಡ್ಡ ಮಾಡಿ, ಮಠಕ್ಕೆ ಫೋನು ಹಚ್ಚು ಎಂದು ಶೇಖವ್ವನಿಗೆ ಹೇಳಿದರು. ಆಕೆ ಅಳುತ್ತಲೇ ನಂಬರು ಹುಡುಕಿ ಒತ್ತಿ, ಸ್ಪೀಕರು ಹಾಕಿ ಅವರ ಮಡಿಲಿಗೆ ಇಟ್ಟರು. ಎತ್ತಿಕೊಂಡವನು ಯಾರೋ ಮಠದ ಆಳು. ಗುರುಗಳು ಪೂಜೆಗೆ ಕೂತಿದ್ದಾರೆ, ಏನಿದ್ದರೂ ನನಗೆ ಹೇಳಿ, ಮುಟ್ಟಿಸುತ್ತೇನೆ ಎಂದ. ಕರಿಬಸಪ್ಪನವರು ಫೋನಿನ ಕಡೆ ಬಾಗಿದರು. ಗೌರಿ ಅವರ ಮೊಣಕಾಲಿನ ಮೇಲೆ ಎರಡೂ ಕೈ ಊರಿ ಕಾಯುತ್ತಿದ್ದಳು.

“ಬೆಂಗಳೂರಾಗ ಪಾದಪೂಜಿ ಆತಲ್ರಿ. ಅಲ್ಲಿ ಸೋಫಾ ಹೊಲಸು ಮಾಡಿದ್ದು ಮಗು ಅಲ್ಲಂತ ಹೇಳ್ರಿ. ಕರಿಬಸಪ್ಪ ಮಾಡಿದ್ದಂತ ಹೇಳ್ರಿ.”

ಅತ್ತ ಕಡೆ ಏನೋ ಗದ್ದಲ, ಗಂಟೆಯ ಸದ್ದು. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ, ಯಾರು ಮಾಡಿದ್ದು ಎಂದ ಆತ. ಅವರು ಎರಡೂ ಕೈಯಿಂದ ಫೋನನ್ನು ಬಾಯಿಯ ಹತ್ತಿರಕ್ಕೆ ಎತ್ತಿಕೊಂಡು, ತಮ್ಮ ಹೆಸರನ್ನೂ ತಂದೆಯ ಹೆಸರನ್ನೂ ಊರಿನ ಹೆಸರನ್ನೂ ಸೇರಿಸಿ, ಮೊದಲಿನಿಂದ ಮತ್ತೆ, ಜೋರಾಗಿ ಹೇಳಿದರು.